ಬಿಡಿಸುವುದರಲ್ಲಿ ಗಟ್ಟಿ, ಒತ್ತಿನಲ್ಲಿ ಜೊಳ್ಳು: ಇಟಾಲಿಯನ್ ಸಮಾಸಪದಗಳ ಮುಂದೆ ಒಂದು ಉಚ್ಚಾರಣೆಯ ಆ್ಯಪ್

ಇಟಾಲಿಯನ್ ಪದವೊಂದನ್ನು ಟೈಪ್ ಮಾಡಿದರೆ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒತ್ತು ಎಲ್ಲಿ ಬೀಳುತ್ತದೆಂದು ಬಣ್ಣದಲ್ಲಿ ತೋರಿಸಿ, ಬೇಕೆಂದರೆ ಯಂತ್ರದ ದನಿಯಲ್ಲಿ ಉಚ್ಚರಿಸಿಯೂ ಕೇಳಿಸುವ ಮೊಬೈಲ್ ಆ್ಯಪ್ ಒಂದನ್ನು ನಾನು ಎಂಟು ತಿಂಗಳಿಂದ ಹಣ ಕೊಟ್ಟು ಬಳಸುತ್ತಿದ್ದೇನೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನಾನು ಎತ್ತಲಿರುವ ದೂರು ಅದೊಂದಕ್ಕೇ ಸೇರಿದ್ದಲ್ಲ. ಅದೇ ಬಗೆಯ ಇನ್ನೆರಡು ಆ್ಯಪ್‌ಗಳನ್ನು ಪುಕ್ಕಟೆಯಾಗಿ ಪರೀಕ್ಷಿಸಿದಾಗ ಅವೂ ಅದೇ ಜಾಗದಲ್ಲಿ ಎಡವಿದವು. ನನ್ನ ಒರೆಗಲ್ಲು ಸಮಾಸಪದಗಳು. ಬಿಡಿಪದಗಳನ್ನು ಯಾವ ಆ್ಯಪ್ ಆದರೂ ಸರಿಯಾಗಿ ಬಿಡಿಸುತ್ತದೆ, ಬಹುಪಾಲು ಒತ್ತನ್ನೂ ಸರಿಯಾದ ಜಾಗದಲ್ಲಿಯೇ ಇಡುತ್ತದೆ. ಎರಡು ಪದಗಳು ಬೆಸೆದು ಒಂದಾದ ಕಡೆಯಲ್ಲಿ ಮಾತ್ರ ಅದರ ಬಂಡವಾಳ ಬಯಲಾಗುತ್ತದೆ.

ಮೊದಲು ಎರಡು ಮಾತುಗಳ ಗೊಂದಲವನ್ನು ತೆಗೆಯಬೇಕು. ಕನ್ನಡದಲ್ಲಿ ಅಕ್ಷರ ಎಂಬುದು ಲಿಪಿಯ ಗುರುತಿಗೂ ಉಚ್ಚಾರಣೆಯ ಘಟಕಕ್ಕೂ ಸಲ್ಲುವ ಮಾತು. ಇಲ್ಲಿ ಅದನ್ನು ಛಂದಸ್ಸಿನವರು ಬಳಸುವ ಎರಡನೆಯ ಅರ್ಥದಲ್ಲಿ ಬಳಸುತ್ತಿದ್ದೇನೆ. ಹಾಗೆಯೇ ಒತ್ತು ಎಂದೊಡನೆ ನಮಗೆ ನೆನಪಾಗುವುದು ಅಕ್ಷರದ ಕೆಳಗೆ ಬರೆಯುವ ಒತ್ತು. ಇಲ್ಲಿ ಹೇಳುತ್ತಿರುವುದು ಪದದ ಒಂದು ಅಕ್ಷರವನ್ನು ಉಳಿದವುಗಳಿಗಿಂತ ಬಲವಾಗಿ ನುಡಿಯುವ ಒತ್ತು. ಕನ್ನಡದಲ್ಲಿ ಅದು ಪದದ ಅರ್ಥವನ್ನು ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಹುಡುಕುವುದೇ ಇಲ್ಲ. ಇಟಾಲಿಯನ್‌ನಲ್ಲಿ ಹಾಗಲ್ಲ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಅಂಕೊರ ಎಂದರೆ ಹಡಗಿನ ಲಂಗರು, ನಡುವಿನ ಅಕ್ಷರಕ್ಕೆ ಕೊಟ್ಟು ಅಂಕೋರ ಎಂದರೆ ‘ಇನ್ನೂ’. ಬರೆಯುವಾಗ ಎರಡೂ ಒಂದೇ. ನಮಗಿರುವ ಒಂದು ಅನುಕೂಲವೆಂದರೆ, ಪದದ ಕೊನೆಯಲ್ಲಿರದ ಮತ್ತು ವ್ಯಂಜನದಿಂದ ಮುಚ್ಚಿಕೊಳ್ಳದ ಅಕ್ಷರದ ಮೇಲೆ ಒತ್ತು ಬಿದ್ದಾಗ ಇಟಾಲಿಯನ್ನರು ಅದರ ಸ್ವರವನ್ನು ಎಳೆಯುತ್ತಾರೆ. ಅಂಥಲ್ಲಿ ಅವರ ಒತ್ತು ನಮ್ಮ ಕಿವಿಗೆ ದೀರ್ಘವಾಗಿ ಕೇಳಿಸುತ್ತದೆ. ಈ ಬರಹದಲ್ಲಿಯೂ ಇಡಿಯ ಪದವನ್ನು ಬರೆಯುವಾಗ ಅಂಥ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಬಿಡಿಸಿ ತೋರಿಸುವಾಗ ಹ್ರಸ್ವವಾಗಿಯೇ ಇಟ್ಟಿದ್ದೇನೆ.

ಆ್ಯಪಿನ ಮೊದಲ ಕೆಲಸ ಪದವನ್ನು ಬಿಡಿಸುವುದು, ಮತ್ತು ಅದರಲ್ಲಿ ಅದು ನಿಜಕ್ಕೂ ಪಳಗಿದ ಕೈ. ಇಟಾಲಿಯನ್ ಬರವಣಿಗೆ ಇದಕ್ಕೆ ಇಟ್ಟುಕೊಂಡಿರುವ ನಿಯಮಗಳು ಕೆಲವೇ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರದ ಕಡೆಗೆ ಹೋಗುತ್ತದೆ. ಇಮ್ಮಡಿಸಿದ ವ್ಯಂಜನ ಇಬ್ಭಾಗವಾಗುತ್ತದೆ, ಹಾಗಾಗಿ ಬೆಕ್ಕು ಎಂಬರ್ಥದ ಗತ್ತೊ ಎಂಬ ಪದ ಗತ್-ತೊ ಆಗುತ್ತದೆ. ಲ, ಮ, ನ, ರ ಇವುಗಳ ಮುಂದೆ ಬೇರೊಂದು ವ್ಯಂಜನ ಬಂದರೆ ಇವು ಹಿಂದಿನ ಅಕ್ಷರದೊಡನೆ ಉಳಿಯುತ್ತವೆ, ಹೊಲ ಎಂಬರ್ಥದ ಕಂಪೊ ಕಮ್-ಪೊ ಆಗುತ್ತದೆ. ಪ, ಬ, ಕ, ಗ ಇಂಥವಕ್ಕೆ ರ ಅಥವಾ ಲ ಕೂಡಿದರೆ ಆ ಜೋಡಿ ಒಡೆಯುವುದಿಲ್ಲ, ಪುಸ್ತಕ ಎಂಬರ್ಥದ ಲೀಬ್ರೊ ಲಿ-ಬ್ರೊ ಎಂದೇ ಮುರಿಯುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ. ಆ್ಯಪ್ ಇಲ್ಲಿ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಕುತೂಹಲ ಹುಟ್ಟಿಸುವುದು ಸಕಾರದ ನಡವಳಿಕೆ. ಸಕಾರದ ಮುಂದೆ ವ್ಯಂಜನ ಬಂದರೆ ಅದು ಹಿಂದೆ ಉಳಿಯದೆ ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳಬೇಕೆಂದು ಬರವಣಿಗೆಯ ನಿಯಮ ಹೇಳುತ್ತದೆ. ಆದ್ದರಿಂದ ನಾವು ಪಾಸ್ತಾ ಎಂದು ಕರೆಯುವ ಪದವನ್ನು ಇಟಾಲಿಯನ್ನರು ಪ-ಸ್ತ ಎಂದು ಮುರಿಯುತ್ತಾರೆ, ಕಿಟಕಿ ಎಂಬರ್ಥದ ಫಿನೆಸ್ತ್ರ ಫಿ-ನೆ-ಸ್ತ್ರ ಆಗುತ್ತದೆ. ಆದರೆ ಅವರ ಬಾಯಲ್ಲಿ ಪಸ್ತ ಎಂಬುದರ ಮೊದಲ ಸ್ವರ ದೀರ್ಘವಾಗುವುದಿಲ್ಲ. ಒತ್ತು ಬಿದ್ದೂ ದೀರ್ಘವಾಗದಿರುವುದಕ್ಕೆ ಆ ಅಕ್ಷರ ಸಕಾರದಿಂದ ಮುಚ್ಚಿಕೊಂಡಿರುವುದೇ ಕಾರಣವೆಂದೂ, ಕಿವಿಯ ಲೆಕ್ಕದಲ್ಲಿ ಅದು ಪಸ್-ತ ಎಂದೇ ಇದೆಯೆಂದೂ ಧ್ವನಿಶಾಸ್ತ್ರದ ಹಲವರು ಹೇಳುತ್ತಾರೆ. ಕನ್ನಡದವರಿಗೆ ಈ ವಿವಾದ ಹೊಸದಾಗಿ ತೋರಬಾರದು. ನಾವೂ ಲಿಪಿಯಲ್ಲಿ ಪ, ಸ್ತ ಎಂದೇ ಎರಡು ಘಟಕಗಳಾಗಿ ಬರೆಯುತ್ತೇವೆ. ಪ್ರಸ್ತಾರ ಹಾಕಲು ಕುಳಿತಾಗ ಮಾತ್ರ ಒತ್ತಕ್ಷರದ ಹಿಂದಿನ ಪಕಾರವನ್ನು ಗುರುವೆಂದು ಎಣಿಸುತ್ತೇವೆ. ಬರೆಯುವ ಗೆರೆ ಒಂದು ಕಡೆ, ನುಡಿಯುವ ಗೆರೆ ಇನ್ನೊಂದು ಕಡೆ. ಆ್ಯಪ್ ತೋರಿಸುವುದು ಬರೆಯುವ ಗೆರೆಯನ್ನು ಮಾತ್ರ, ಆದರೆ ಹಾಗೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಉಚ್ಚಾರಣೆ ಕಲಿಸುವ ಸಾಧನವೆಂದು ತನ್ನನ್ನು ಕರೆದುಕೊಳ್ಳುವ ಸೇವೆ ಈ ಒಂದು ವಾಕ್ಯವನ್ನಾದರೂ ಸೇರಿಸಬೇಕಿತ್ತು.

ಇನ್ನು ಸಮಾಸಗಳು. ಇಲ್ಲಿ ಇಟಾಲಿಯನ್ ಅಕ್ಷರವಿಭಜನೆಯ ಒಂದು ಗುಣವನ್ನು ಗಮನಿಸಬೇಕು: ಪದಗಳು ಎಲ್ಲಿ ಬೆಸೆದಿವೆ ಎಂಬುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೊನ್ ಮತ್ತು ಒಸ್ತಂತೆ ಸೇರಿ ‘ಹಾಗಿದ್ದರೂ’ ಎಂಬರ್ಥದ ನೊನೊಸ್ತಂತೆ ಆದಾಗ ಅದು ನೊ-ನೊ-ಸ್ತನ್-ತೆ ಎಂದು ಮುರಿಯುತ್ತದೆ. ನಿಷೇಧಾರ್ಥದ ನೊನ್ ತನ್ನ ನಕಾರವನ್ನು ಪಕ್ಕದವನಿಗೆ ಬಿಟ್ಟುಕೊಡುತ್ತದೆ. ‘ಕೆಟ್ಟದಾಗಿ’ ಎಂಬ ಮಲ್ ಮತ್ತು ‘ತಿಳಿದುಕೊಂಡ’ ಎಂಬ ಇಂತೇಸೊ ಸೇರಿ ತಪ್ಪುತಿಳಿವಳಿಕೆ ಎಂಬರ್ಥದ ಮಲಿಂತೇಸೊ ಆಗುತ್ತದೆ, ಮ-ಲಿನ್-ತೆ-ಸೊ ಎಂದು ಒಡೆಯುತ್ತದೆ. ಕಾರಿನ ಗಾಜು ಒರೆಸುವ ವೈಪರಿಗೆ ಇಟಾಲಿಯನ್ನರು ‘ಗಾಜೊರೆಸುಕ’ ಎಂಬರ್ಥದ ತೆರ್ಜಿಕ್ರಿಸ್ತಲ್ಲೊ ಎನ್ನುತ್ತಾರೆ. ತೆರ್-ಜಿ-ಕ್ರಿ-ಸ್ತಲ್-ಲೊ ಎಂಬ ಅದರ ಒಡಕಿನಲ್ಲಿ ಎರಡು ಪದಗಳ ಬೆಸುಗೆ ಅಕ್ಷರದ ಗೆರೆಯ ಮೇಲೆಯೇ ಬಿದ್ದಿರುವುದು ಕೇವಲ ಕಾಕತಾಳೀಯ. ಆ್ಯಪಿಗೆ ಇದು ವರವಾಗಿದೆ. ಸಮಾಸವನ್ನು ಗುರುತಿಸುವ ಬುದ್ಧಿಯೇ ಇಲ್ಲದಿದ್ದರೂ, ಅಥವಾ ಇಲ್ಲದಿರುವುದರಿಂದಲೇ, ಅದು ಇವನ್ನೆಲ್ಲ ಸರಿಯಾಗಿ ಬಿಡಿಸುತ್ತದೆ.

ನಮ್ಮ ಶಾಲೆಯ ವ್ಯಾಕರಣ ಓದಿದವರಿಗೆ ಈ ಬೆಸುಗೆಗಳು ಪರಿಚಿತ ಮುಖಗಳಂತೆ ಕಾಣುತ್ತವೆ. ‘ಕೆಳಗೆ’ ಎಂಬ ಸೊತ್ತೊ ಮತ್ತು ಅಧಿಕಾರಿ ಎಂಬ ಉಫ್ಫಿಚಾಲೆ ಸೇರಿದಾಗ ಹಿಂದಿನ ಸ್ವರ ಬಿದ್ದುಹೋಗಿ ಕಿರಿಯ ಅಧಿಕಾರಿ ಎಂಬರ್ಥದ ಸೊತ್ತುಫ್ಫಿಚಾಲೆ ಆಗುತ್ತದೆ; ಇದನ್ನು ಲೋಪಸಂಧಿ ಎನ್ನಲು ನಮಗೆ ಯಾವ ಅಡ್ಡಿಯೂ ಇಲ್ಲ. ಆದರೆ ‘ತಲೆ, ಮುಖ್ಯಸ್ಥ’ ಎಂಬ ಕಾಪೊ ಮತ್ತು ಕಚೇರಿ ಎಂಬ ಉಫ್ಫೀಚೊ ಸೇರಿ ಕಚೇರಿಯ ಮುಖ್ಯಸ್ಥ ಎಂಬರ್ಥದ ಕಪೊಉಫ್ಫೀಚೊ ಆದಾಗ ಎರಡು ಸ್ವರಗಳೂ ಇದ್ದಂತೆಯೇ ಉಳಿಯುತ್ತವೆ, ಪ್ರಕೃತಿಭಾವವೆಂದರೆ ಪ್ರಕೃತಿಭಾವ. ಮೂರನೆಯ ಬಗೆ ಎಲ್ಲಕ್ಕಿಂತ ಸೊಗಸಾದದ್ದು. ಕಾಫಿ ಎಂಬ ಕಫ್ಫೆ ಮತ್ತು ಹಾಲು ಎಂಬ ಲತ್ತೆ ಸೇರಿದಾಗ ನಡುವೆ ಒಂದು ಲಕಾರ ಹೆಚ್ಚಾಗಿ ಹುಟ್ಟಿಕೊಂಡು ಕಫ್ಫೆಲ್ಲತ್ತೆ ಆಗುತ್ತದೆ. ಕೊನೆಯಲ್ಲಿ ಒತ್ತಿರುವ ಪದದ ಮುಂದೆ ಬರುವ ವ್ಯಂಜನ ಬಾಯಲ್ಲಿ ಇಮ್ಮಡಿಸುವುದು ಟಸ್ಕನಿಯಿಂದ ದಕ್ಷಿಣಕ್ಕೆ ಇಟಾಲಿಯನ್ನರ ರೂಢಿ. ಪದಗಳು ಬೆಸೆದಾಗ ಆ ಇಮ್ಮಡಿ ಬರವಣಿಗೆಗೂ ಇಳಿಯುತ್ತದೆ. ಇಮ್ಮಡಿಸಿದ ವ್ಯಂಜನ ಇಬ್ಭಾಗವಾಗಲೇಬೇಕಾದ್ದರಿಂದ ಕಫ್-ಫೆಲ್-ಲತ್-ತೆ ಎಂಬ ಒಡಕಿನಲ್ಲಿ ಹಾಲಿನ ಲಕಾರವೊಂದು ಕಾಫಿಯ ಕಡೆಗೆ ಸೇರಿಹೋಗುತ್ತದೆ. ಆ್ಯಪ್ ಈ ಮೂರು ಬಗೆಯನ್ನೂ ತಪ್ಪಿಲ್ಲದೆ ಬಿಡಿಸಿತು.

ಪೂರ್ವಪ್ರತ್ಯಯಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರು ಇದೆ. ಮುತ್ತಜ್ಜ ಎಂಬರ್ಥದ ಬಿಸ್ನೊನ್ನೊ ಎಂಬುದನ್ನು ಸಕಾರದ ನಿಯಮದಂತೆ ಬಿ-ಸ್ನೊನ್-ನೊ ಎಂದು ಮುರಿಯಬೇಕು. ಆದರೆ ಬಿಸ್ ಬೇರೆ, ಅಜ್ಜ ಎಂಬ ನೊನ್ನೊ ಬೇರೆ ಎಂದು ಮನಸ್ಸಿಗೆ ಗೊತ್ತಿರುವವರು ಬಿಸ್-ನೊನ್-ನೊ ಎಂದು ಮುರಿಯುವುದೂ ಉಂಟು, ಮತ್ತು ಇಂಥ ಪೂರ್ವಪ್ರತ್ಯಯಗಳಲ್ಲಿ ವ್ಯುತ್ಪತ್ತಿಯನ್ನು ಹಿಡಿದು ಮುರಿಯುವುದಕ್ಕೆ ವ್ಯಾಕರಣಗಳು ಅವಕಾಶ ಬಿಟ್ಟಿವೆ. ಆ್ಯಪ್ ಮೊದಲನೆಯದನ್ನು ಮಾತ್ರ ಕೊಡುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕೆಂದೇ ಇಟಲಿಯ ಮಾನಕ ಸಂಸ್ಥೆಯ ಉನಿ 6461 ಎಂಬ ಶಿಫಾರಸು ಇದೆ; ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕಾಗಿ ಕ್ಲೌದಿಯೊ ಬೆಕ್ಕಾರಿ ರಚಿಸಿದ ಇಟಾಲಿಯನ್ ಮಾದರಿಗಳು ಅದನ್ನು ಅನುಸರಿಸುವುದಾಗಿ ಹೇಳಿಕೊಳ್ಳುತ್ತವೆ. ಆ ತಂತ್ರಾಂಶದ ಹಿಂದಿರುವ ಪದ ಮುರಿಯುವ ವಿಧಾನ ಫ್ರಾಂಕ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಲ್ಲಿಸಿದ ಪ್ರಬಂಧದ ಫಲ. ಅದು ಪದದ ಅರ್ಥವನ್ನು ಕೇಳುವುದಿಲ್ಲ, ಅಕ್ಕಪಕ್ಕದ ವರ್ಣಗಳನ್ನು ನೋಡಿ ಇಲ್ಲಿ ಒಡೆಯಬಹುದು, ಇಲ್ಲಿ ಕೂಡದು ಎನ್ನುತ್ತದೆ. ನನ್ನ ಆ್ಯಪಿನ ನಡೆನುಡಿ ನೋಡಿದರೆ ಅದರ ಹೊಟ್ಟೆಯಲ್ಲಿಯೂ ಇಂಥದೇ ಯಂತ್ರವಿರಬೇಕೆಂಬ ಗುಮಾನಿ ನನಗಿದೆ.

ಆ ಗುಮಾನಿಗೆ ಬಲ ಕೊಟ್ಟ ಪದ ರೈಲುಮಾರ್ಗ ಎಂಬರ್ಥದ ಫೆರ್ರೊವೀಅ. ಕಬ್ಬಿಣ ಎಂಬ ಫೆರ್ರೊ, ದಾರಿ ಎಂಬ ವೀಅ. ಉಚ್ಚಾರಣೆಯಲ್ಲಿ ಇದಕ್ಕೆ ನಾಲ್ಕು ಅಕ್ಷರಗಳು, ಫೆರ್-ರೊ-ವಿ-ಅ, ಏಕೆಂದರೆ ಒತ್ತು ಬೀಳುವ ಇಕಾರ ಪಕ್ಕದ ಅಕಾರದೊಡನೆ ಕರಗುವುದಿಲ್ಲ. ಆದರೆ ಸಾಲಿನ ಕೊನೆಯಲ್ಲಿ ಒಂಟಿ ಅಕಾರವನ್ನು ಮುಂದಿನ ಸಾಲಿಗೆ ತಳ್ಳುವುದು ಅಚ್ಚಿನ ಮನೆಯಲ್ಲಿ ಯಾರಿಗೂ ಬೇಡದ ಕೆಲಸ, ಹಾಗಾಗಿ ಮುದ್ರಣದ ನಿಯಮ ಅಂಥ ಸ್ವರಗಳ ನಡುವೆ ಕೈಹಾಕುವುದಿಲ್ಲ. ಆ್ಯಪ್ ಈ ಪದಕ್ಕೆ ಮೂರೇ ಅಕ್ಷರ ತೋರಿಸಿ, ಕೆಳಗೆ ‘ಅಕ್ಷರಗಳ ಸಂಖ್ಯೆ 3’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಮುದ್ರಕನಿಗೆ ಅದು ಸರಿ. ಇಟಾಲಿಯನ್ ಪದ್ಯದ ಸಾಲಿನಲ್ಲಿ ಅಕ್ಷರ ಎಣಿಸುವವನಿಗೂ ಹಾಡಿನ ಸ್ವರಲಿಪಿಯ ಕೆಳಗೆ ಅಕ್ಷರ ಹೊಂದಿಸುವವನಿಗೂ ಅದು ದಾರಿ ತಪ್ಪಿಸುವ ಉತ್ತರ.

ಆದರೂ ಬಿಡಿಸುವ ಕೆಲಸಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ನನ್ನ ಅಸಮಾಧಾನವೆಲ್ಲ ಒತ್ತಿನ ಬಗ್ಗೆ, ಮತ್ತು ಅದಕ್ಕೆ ಕಾರಣ ಸರಳ. ಬೆಸುಗೆಯನ್ನು ಅಕ್ಷರವಿಭಜನೆ ಮರೆತುಬಿಡುತ್ತದೆ, ಒತ್ತು ಮರೆಯುವುದಿಲ್ಲ. ಸಮಾಸ ಎಲ್ಲಿ ಕೂಡಿದೆ, ಅದರ ಉತ್ತರಪದ ಯಾವುದು, ಅದು ಯಾವ ಮೂಲದಿಂದ ಬಂದದ್ದು ಎಂಬುದು ತಿಳಿಯದೆ ಇಟಾಲಿಯನ್ ಸಮಾಸಕ್ಕೆ ಒತ್ತು ಹಾಕಲು ಬರುವುದಿಲ್ಲ. ಅಕ್ಕಪಕ್ಕದ ವರ್ಣಗಳನ್ನಷ್ಟೇ ನೋಡುವ ಯಂತ್ರಕ್ಕೆ ಇದು ಕಾಣುವುದು ಹೇಗೆ?

ಇಟಾಲಿಯನ್ ಒತ್ತಿನ ಹೆಸರುಗಳು ತುಂಬ ಚಿತ್ರವತ್ತಾಗಿವೆ. ಕೊನೆಯ ಅಕ್ಷರದ ಮೇಲೆ ಒತ್ತಿದ್ದರೆ ಆ ಪದ ತ್ರೊಂಕ, ಎಂದರೆ ಕಡಿದದ್ದು. ಕೊನೆಯಿಂದ ಎರಡನೆಯದರ ಮೇಲಿದ್ದರೆ ಪ್ಯಾನ, ಎಂದರೆ ಸಮತಟ್ಟಾದದ್ದು. ಮೂರನೆಯದರ ಮೇಲಿದ್ದರೆ ಸ್ದ್ರುಚ್ಚೊಲ, ಎಂದರೆ ಜಾರುವಂಥದ್ದು. ಒತ್ತು ಮುಗಿದ ಮೇಲೆ ಉಳಿದ ಅಕ್ಷರಗಳು ಇಳಿಜಾರಿನಲ್ಲಿ ಜಾರಿದ ಹಾಗೆ ಕೇಳುವುದರಿಂದ ಈ ಕೊನೆಯ ಹೆಸರು ಎಷ್ಟು ಸರಿಯಾಗಿದೆಯೆಂದು ಗಟ್ಟಿಯಾಗಿ ಓದಿದವರಿಗೆ ಗೊತ್ತು. ಹೆಚ್ಚಿನ ಪದಗಳು ಸಮತಟ್ಟಾದವು. ಹೀಗಾಗಿ ಗೊತ್ತಿಲ್ಲದ ಪದ ಎದುರಾದಾಗ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು ಹಾಕಿ ಕೈತೊಳೆದುಕೊಳ್ಳುವುದು ಕಲಿಯುವವರ ಅಭ್ಯಾಸ. ಆ್ಯಪಿನದೂ ಅದೇ ಅಭ್ಯಾಸವೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು.

ಸಾಮಾನ್ಯ ಸಮಾಸಗಳಲ್ಲಿ ಮುಖ್ಯ ಒತ್ತು ಉತ್ತರಪದಕ್ಕೆ ಸಲ್ಲುತ್ತದೆ, ಮತ್ತು ಆ ಪದ ಒಂಟಿಯಾಗಿದ್ದಾಗ ಅದು ಎಲ್ಲಿತ್ತೋ ಅಲ್ಲಿಯೇ ಉಳಿಯುತ್ತದೆ. ‘ಒರೆಸು’ ಎಂಬ ಅಶೂಗ ಮತ್ತು ಕೈ ಎಂಬ ಮಾನೊ ಸೇರಿ ಟವೆಲ್ ಎಂಬರ್ಥದ ಅಶುಗಮಾನೊ ಆಗುತ್ತದೆ, ಒತ್ತು ಮಕಾರದ ಮೇಲೆ. ಉತ್ತರಪದ ಸಮತಟ್ಟಾದದ್ದಾಗಿದ್ದರೆ ಆ್ಯಪಿನ ಅಂದಾಜು ಹೇಗೂ ಸರಿಹೋಗುತ್ತದೆ. ಅದು ಜಾರುವಂಥದ್ದಾಗಿದ್ದರೆ ಆ್ಯಪಿನ ಒಳನಿಘಂಟಿನಲ್ಲಿ ಆ ಸಮಾಸ ಇರಬೇಕು, ಇಲ್ಲವಾದರೆ ಕೆಟ್ಟಿತು. ಬೂದಿಬಟ್ಟಲು ಎಂಬರ್ಥದ ಪೊರ್ತಚೇನೆರೆ, ಧೂಳೆಳೆಯುವ ಯಂತ್ರದ ಹೆಸರಾದ ಅಸ್ಪಿರಪೊಲ್ವೆರೆ ಇವೆರಡೂ ಹಳೆಯ, ಬಳಕೆಯ ಪದಗಳಾದ್ದರಿಂದ ಸರಿಯಾಗಿ ಬಂದವು. ಮಾತ್ರೆಗಳ ಡಬ್ಬಿ ಎಂಬ ಪೊರ್ತಪಿಲ್ಲೊಲೆಯಲ್ಲಿ ಒತ್ತು ಪಿಲ್ ಮೇಲಿರಬೇಕು, ಆ್ಯಪ್ ಲೊ ಮೇಲೆ ಹಾಕಿತು. ಕಾರ್ಡುಗಳನ್ನಿಡುವ ಚೀಲವಾದ ಪೊರ್ತತೆಸ್ಸೆರೆಯಲ್ಲಿ ತೆಸ್ ಬಿಟ್ಟು ಸೆ ಹಿಡಿಯಿತು. ವಿಚಿತ್ರವೆಂದರೆ ಪಿಲ್ಲೊಲೆ, ತೆಸ್ಸೆರೆ ಎಂಬ ಬಿಡಿಪದಗಳನ್ನು ಕೊಟ್ಟಾಗ ಅದೇ ಆ್ಯಪ್ ಒತ್ತನ್ನು ಸರಿಯಾಗಿಯೇ ತೋರಿಸುತ್ತದೆ. ಉತ್ತರ ಅದರ ಕೈಯಲ್ಲೇ ಇತ್ತು, ಪದವನ್ನು ಎರಡಾಗಿ ನೋಡುವ ಕಣ್ಣು ಇರಲಿಲ್ಲ, ಅಷ್ಟೇ.

ಸಮಾಸದ ಬೆಸುಗೆಯನ್ನು ಗುರುತಿಸಿಬಿಟ್ಟರೆ ಸಾಕೆಂದು ಹೇಳಿದರೂ ತಪ್ಪಾಗುತ್ತದೆ, ಏಕೆಂದರೆ ಗ್ರೀಕ್ ಮೂಲದ ತುಣುಕುಗಳಿಂದ ಕಟ್ಟಿದ ವಿದ್ವತ್ ಸಮಾಸಗಳ ರೀತಿಯೇ ಬೇರೆ. ಅವುಗಳಲ್ಲಿ ಅನೇಕವು ಒತ್ತನ್ನು ಉತ್ತರಪದಕ್ಕೆ ಕೊಡದೆ, ಪೂರ್ವಪದದ ಕೊನೆಯ ಸ್ವರಕ್ಕೆ, ಎಂದರೆ ಸರಿಯಾಗಿ ಬೆಸುಗೆಯ ಮೇಲೆಯೇ, ತಂದಿಡುತ್ತವೆ. ಮೆತ್ರೊ ಎಂಬ ಪದಕ್ಕೆ ತನ್ನದೇ ಒತ್ತು ಮೆಕಾರದ ಮೇಲಿದೆ. ಆದರೂ ತಾಪಮಾಪಕ ತೆರ್ಮೋಮೆತ್ರೊ ಆಗುತ್ತದೆಯೇ ಹೊರತು ತೆರ್ಮೊಮೇತ್ರೊ ಆಗುವುದಿಲ್ಲ. ಫೊತೋಗ್ರಫೊ, ಪ್ಸಿಕೋಲೊಗೊ, ತೆಲೇಫೊನೊ ಇವೆಲ್ಲ ಇದೇ ಮನೆತನದವು. ಅದೇ ಮನೆತನದಲ್ಲಿ ಮತ್ತೆ ಕವಲು: ಛಾಯಾಗ್ರಾಹಕ ಫೊತೋಗ್ರಫೊ ಆದರೆ ಛಾಯಾಗ್ರಹಣ ಫೊತೊಗ್ರಫೀಅ, ಕಿಲೋಮೆತ್ರೊ ಎಂಬುದರಲ್ಲಿ ಒತ್ತು ಲೋಕಾರದ ಮೇಲಾದರೆ ಕಿಲೊಗ್ರಮ್ಮೊ ಎಂಬುದರಲ್ಲಿ ಗ್ರಮ್ ಮೇಲೆ. ಕೊನೆಯ ತುಣುಕು ಯಾವುದೆಂಬುದೇ ಒತ್ತನ್ನು ನಿರ್ಧರಿಸುತ್ತದೆ.

ಇದನ್ನು ಚೆನ್ನಾಗಿ ತೋರಿಸುವುದು ಔತೊ ಎಂಬ ಒಂದೇ ಪೂರ್ವಪದದ ಎರಡು ಸಮಾಸಗಳು. ಹೆದ್ದಾರಿ ಎಂಬ ಔತೊಸ್ತ್ರಾದ, 1924ರಲ್ಲಿ ಮಿಲಾನಿನಿಂದ ಸರೋವರಗಳ ಕಡೆಗೆ ಮೊದಲ ಹೆದ್ದಾರಿ ತೆರೆದುಕೊಂಡ ಕಾಲದ ಪದ, ರಸ್ತೆ ಎಂಬ ಸ್ತ್ರಾದದ ಒತ್ತನ್ನೇ ಉಳಿಸಿಕೊಂಡಿದೆ. ಕಾರುಗಳ ಪಂದ್ಯದ ಕಣ ಎಂಬ ಔತೋದ್ರೊಮೊ, 1922ರಲ್ಲಿ ತೆರೆದ ಮೊನ್ಜಾದ ಕಣದ ಹೆಸರಿನಲ್ಲಿರುವ ಪದ, ಗ್ರೀಕ್ ಮೂಲದ ಉತ್ತರಪದವನ್ನು ಹೊತ್ತಿರುವುದರಿಂದ ಒತ್ತನ್ನು ತೋಕಾರಕ್ಕೆ ಎಳೆದುಕೊಂಡಿದೆ. ಇಟಾಲಿಯನ್ನರಲ್ಲಿಯೂ ಔತೊದ್ರೋಮೊ ಎನ್ನುವವರು ಇದ್ದಾರೆ. ನಿಘಂಟುಗಳು ಅವರ ಪಕ್ಷದಲ್ಲಿಲ್ಲ. ಆ್ಯಪ್ ಮೊದಲನೆಯದನ್ನು ಸರಿಯಾಗಿ ತೋರಿಸಿ, ಎರಡನೆಯದರಲ್ಲಿ ಈ ರೂಢಿಯ ತಪ್ಪನ್ನೇ ಹಿಡಿದುಕೊಂಡಿತು.

ಎರಡೂ ಬಗೆಯ ಸಮಾಸಗಳು ಒಂದೇ ಪದದಲ್ಲಿ ಸೇರಿದರೆ ಏನಾಗುತ್ತದೆಂದು ನೋಡುವ ಆಸೆಯಿಂದ ಕೊಂತಕಿಲೋಮೆತ್ರಿ ಎಂಬುದನ್ನು ಕೊಟ್ಟುನೋಡಿದೆ. ವಾಹನ ಓಡಿದ ದೂರವನ್ನು ತೋರಿಸುವ ಮೀಟರಿನ ಹೆಸರಿದು. ‘ಎಣಿಸು’ ಎಂಬ ಕೊಂತ ಪೂರ್ವಪದ, ಕಿಲೋಮೆತ್ರಿ ಉತ್ತರಪದ, ಆ ಉತ್ತರಪದವೇ ಇನ್ನೊಂದು ಸಮಾಸ. ಹೊರಗಿನ ಸಮಾಸ ತನ್ನ ನಿಯಮದಂತೆ ಒತ್ತನ್ನು ಉತ್ತರಪದಕ್ಕೆ ಒಪ್ಪಿಸುತ್ತದೆ, ಒಳಗಿನ ಸಮಾಸ ತನ್ನ ನಿಯಮದಂತೆ ಅದನ್ನು ತನ್ನ ಬೆಸುಗೆಯ ಮೇಲಿಡುತ್ತದೆ. ಕೊನ್-ತ-ಕಿ-ಲೊ-ಮೆ-ತ್ರಿ ಎಂಬ ಆರು ಅಕ್ಷರಗಳಲ್ಲಿ ಒತ್ತು ನಾಲ್ಕನೆಯದಕ್ಕೆ. ಆ್ಯಪ್ ಐದನೆಯದನ್ನು ತೋರಿಸಿತು. ಬಿಡಿಸಿದ್ದು ಮಾತ್ರ ಎಂದಿನಂತೆ ಒಂದಿಷ್ಟೂ ತಪ್ಪಿಲ್ಲದೆ.

ಹಣ ಕೊಟ್ಟವರಿಗೆ ಮಾತ್ರ ತೆರೆಯುವ ಸೌಲಭ್ಯ ಕಿರು ಒತ್ತನ್ನು ತೋರಿಸುವುದು. ಸಮಾಸದಲ್ಲಿ ಪೂರ್ವಪದ ತನ್ನ ಒತ್ತನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಅದು ತಗ್ಗಿದ ದನಿಯಲ್ಲಿ ತನ್ನ ಹಳೆಯ ಜಾಗದಲ್ಲೇ ಉಳಿಯುತ್ತದೆ. ಎರಡು ಒತ್ತುಗಳು ಒಂದರ ಪಕ್ಕದಲ್ಲೊಂದು ಬಿದ್ದಾಗ ಮಾತ್ರ ಹಿಂದಿನದು ಅಳಿಸಿಹೋಗುತ್ತದೆ, ಕೊನೆಯಿಂದ ಮೂರನೆಯದು ಎಂಬರ್ಥದ ತೆರ್ತ್ಸುಲ್ತಿಮೊ ಎಂಬುದರಲ್ಲಿ ಆದ ಹಾಗೆ. ಆ್ಯಪ್ ಕಿರು ಒತ್ತನ್ನು ಮುಖ್ಯ ಒತ್ತಿನಿಂದ ಹಿಂದಕ್ಕೆ ಎರಡಕ್ಷರ ಎಣಿಸಿ ಇಡುತ್ತದೆ. ಅಶುಗಮಾನೊ ಎಂಬಲ್ಲಿ ಇದು ಫಲಿಸುತ್ತದೆ. ಕಾಫಿಬೀಜ ಪುಡಿಮಾಡುವ ಯಂತ್ರವಾದ ಮಚಿನಕಫ್ಫೆ ಎಂಬಲ್ಲಿ ಫಲಿಸುವುದಿಲ್ಲ. ‘ಬೀಸು, ಪುಡಿಮಾಡು’ ಎಂಬ ಮಾಚಿನ ಮೊದಲ ಅಕ್ಷರಕ್ಕೆ ಒತ್ತು ಕೊಡುವ ಜಾರುಪದ, ಕಫ್ಫೆ ಕೊನೆಯ ಅಕ್ಷರಕ್ಕೆ ಒತ್ತು ಕೊಡುವ ಕಡಿದ ಪದ. ಆದ್ದರಿಂದ ಮ-ಚಿ-ನ-ಕಫ್-ಫೆ ಎಂಬಲ್ಲಿ ಎರಡು ಒತ್ತುಗಳು ಎರಡು ತುದಿಗಳಲ್ಲಿ ನಿಂತು ನಡುವೆ ಮೂರು ಅಕ್ಷರಗಳು ಹಗುರವಾಗಿ ಹಾದುಹೋಗುತ್ತವೆ. ಆ್ಯಪ್ ನಕಾರದ ಮೇಲೆ ಕಿರು ಒತ್ತನ್ನು ಕೂರಿಸಿ ಆ ಓಟವನ್ನೇ ಕೆಡಿಸಿತು. ಹಲ್ಲುಕಡ್ಡಿ ಎಂಬ ಸ್ತುತ್ಸಿಕದೆಂತಿ ಎಂಬಲ್ಲಿಯೂ ಸ್ತುತ್ ಮೇಲಿರಬೇಕಾದ್ದು ಅದರ ಪಕ್ಕಕ್ಕೆ ಸರಿದಿತ್ತು. ಇಂಥ ಎಣಿಕೆಗೆ ಹಣ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಒತ್ತಿನ ಗುರುತನ್ನು ಬರೆಯುವ ವಿಷಯದಲ್ಲಿ ಆ್ಯಪ್ ಇನ್ನೊಂದು ಸುಲಭದ ಉಪಕಾರವನ್ನು ಮಾಡಬಹುದಿತ್ತು. ಇಟಾಲಿಯನ್ ಬರವಣಿಗೆಯಲ್ಲಿ ಒತ್ತಿನ ಗೆರೆ ಕಡ್ಡಾಯವಾಗುವುದು ಮುಖ್ಯವಾಗಿ ಪದದ ಕೊನೆಯ ಸ್ವರದ ಮೇಲೆ ಒತ್ತು ಬಿದ್ದಾಗ. ಒಂದಕ್ಷರದ ಪದಗಳಲ್ಲಿ ಹೆಚ್ಚಿನವಕ್ಕೆ ಗೆರೆ ಬೇಕಿಲ್ಲ. ರಾಜ ಎಂಬ ರೆ, ಮೂರು ಎಂಬ ತ್ರೆ, ನೀಲಿ ಎಂಬ ಬ್ಲು, ‘ಮೇಲೆ’ ಎಂಬ ಸು ಇವು ಬರಿಗೈಯಲ್ಲೇ ಇರುತ್ತವೆ. ಸಮಾಸದ ಕೊನೆಗೆ ಸೇರಿದ ಕೂಡಲೇ ಅವುಗಳ ನೆತ್ತಿಗೆ ಗೆರೆ ಏರುತ್ತದೆ: ಉಪರಾಜ ಎಂಬ ವಿಚೆರೆ, ಮೂವತ್ತಮೂರು ಎಂಬ ತ್ರೆಂತತ್ರೆ, ಕೆಂಪುನೀಲಿ ಎಂಬ ರೊಸ್ಸೊಬ್ಲು, ಮತ್ತು ಎಲ್ಲರ ಬಾಯಲ್ಲಿರುವ ತಿರಮಿಸು, ಅಂದರೆ ‘ನನ್ನನ್ನು ಮೇಲಕ್ಕೆಳೆ’. ಕಾಫಿಗೆ ಹಾಲು ಸೇರಿ ಕಫ್ಫೆಲ್ಲತ್ತೆ ಆದಾಗ ಕಫ್ಫೆಯ ಗೆರೆ ಇಳಿದುಹೋಗುವುದು ಇದರ ಮರುಮುಖ. ಗೆರೆ ಹಾಕದೆ ವಿಚೆರೆ ಎಂದು ಟೈಪ್ ಮಾಡಿದರೆ ಆ್ಯಪ್ ನಮ್ಮನ್ನು ತಿದ್ದುವುದಿಲ್ಲ, ಚೆಕಾರಕ್ಕೆ ಒತ್ತು ಹಾಕಿ ಇಲ್ಲದ ಪದವೊಂದನ್ನು ಗಂಭೀರವಾಗಿ ಉಚ್ಚರಿಸುತ್ತದೆ.

ಯಂತ್ರದ ದನಿ ಸ್ಪಷ್ಟವಾಗಿದೆ, ಕೇಳಲು ಹಿತವಾಗಿಯೂ ಇದೆ. ಆದರೆ ಇಟಾಲಿಯನ್‌ನಲ್ಲಿ ಎಕಾರ ಒಕಾರಗಳಿಗೆ ಬಾಯನ್ನು ಹೆಚ್ಚು ತೆರೆದು ನುಡಿಯುವ ‘ತೆರೆದ’ ಮತ್ತು ಕಡಿಮೆ ತೆರೆದು ನುಡಿಯುವ ‘ಮುಚ್ಚಿದ’ ಎಂಬ ಎರಡು ರೂಪಗಳಿವೆ. ತೆರೆದ ಎಕಾರದ ಪೆಸ್ಕ ಒಂದು ಹಣ್ಣು, ಮುಚ್ಚಿದ ಎಕಾರದ ಪೆಸ್ಕ ಮೀನುಗಾರಿಕೆ. ಈ ಭೇದ ಒತ್ತು ಬಿದ್ದಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಎಚ್ಚರದ ಉಚ್ಚಾರಣೆಯಲ್ಲಿ ಸಮಾಸದ ಪೂರ್ವಪದ ತನ್ನ ಕಿರು ಒತ್ತಿನ ಜೊತೆಗೆ ಇದನ್ನೂ ಕಾಪಾಡಿಕೊಳ್ಳುತ್ತದೆ. ಪೊರ್ತಚೇನೆರೆಯ ಮೊದಲ ಒಕಾರ ತೆರೆದದ್ದಾಗಿಯೇ ಉಳಿಯಬೇಕು. ಆ್ಯಪಿನ ದನಿಯಲ್ಲಿ ಅದು ಮುಚ್ಚಿಕೊಂಡಿತ್ತು. ಉತ್ತರ ಇಟಲಿಯ ಎಷ್ಟೋ ಜನ ಈ ಭೇದಗಳನ್ನು ನಿಘಂಟಿನಂತೆ ಪಾಲಿಸುವುದಿಲ್ಲವಾದ್ದರಿಂದ ಇದನ್ನು ದೊಡ್ಡ ಅಪರಾಧವೆಂದು ನಾನು ಎಣಿಸುವುದಿಲ್ಲ.

ವರ್ಷಕ್ಕೆ 30 ಯೂರೊ ಕೊಡುವ ಮೊದಲು ಕೈಗೆಟಕುವ ಬದಲಿಗಳನ್ನು ನೋಡಬೇಕು. ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರೈಗಾಗಿ ಬ್ರುನೊ ಮಿಲ್ಯೊರೀನಿ, ಕಾರ್ಲೊ ತಲ್ಯವೀನಿ, ಪ್ಯೇರೊ ಫ್ಯೊರೆಲ್ಲಿ ಎಂಬ ಮೂವರು ವಿದ್ವಾಂಸರು ಸಿದ್ಧಪಡಿಸಿ 1969ರಲ್ಲಿ ಹೊರಬಂದ ಕಾಗುಣಿತ ಮತ್ತು ಉಚ್ಚಾರಣೆಯ ನಿಘಂಟು ಈಗ ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒತ್ತು ಎಲ್ಲಿ, ಸ್ವರ ತೆರೆದದ್ದೋ ಮುಚ್ಚಿದ್ದೋ ಎಂಬ ಎರಡಕ್ಕೂ ಅದನ್ನು ನಂಬಬಹುದು. ಲುಚಾನೊ ಕನೆಪಾರಿ 1999ರಲ್ಲಿ ಪ್ರಕಟಿಸಿದ ಉಚ್ಚಾರಣೆಯ ನಿಘಂಟು ಒಂದೇ ಪದವನ್ನು ಜನ ನಿಜವಾಗಿ ಹೇಗೆಲ್ಲ ನುಡಿಯುತ್ತಾರೆಂಬುದನ್ನೂ ಕೊಡುತ್ತದೆ. ಅಕ್ಷರವಿಭಜನೆ ಬೇಕಾದವರಿಗೆ ಜಿಂಗರೆಲ್ಲಿಯಂಥ ದೊಡ್ಡ ನಿಘಂಟುಗಳಿವೆ. ಇವು ಬೆರಳ ತುದಿಯಲ್ಲಿ ಬಣ್ಣ ಮಿನುಗಿಸುವುದಿಲ್ಲ, ನಿಘಂಟಿನಲ್ಲಿ ಇಲ್ಲದ ಹೊಸ ಸಮಾಸ ಎದುರಾದರೆ ಅವೂ ಸುಮ್ಮನಿರುತ್ತವೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳುವುದಿಲ್ಲ. ಆ್ಯಪ್ ನಿಘಂಟಿನಿಂದ ತಂದ ಉತ್ತರಕ್ಕೂ ತಾನೇ ಊಹಿಸಿದ ಉತ್ತರಕ್ಕೂ ಒಂದೇ ಹಸಿರು ಬಣ್ಣ ಬಳಿಯುತ್ತದೆ. ಬೇರೆಲ್ಲಕ್ಕಿಂತ ನನ್ನನ್ನು ಹೆಚ್ಚು ಕೆರಳಿಸಿದ್ದು ಇದೇ.

ಹಾಗಾಗಿ ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದವರು ಇದರ ಪುಕ್ಕಟೆ ಆವೃತ್ತಿಯನ್ನು ಧೈರ್ಯವಾಗಿ ಬಳಸಲಿ. ಒತ್ತಿಗಾಗಿ ಬಳಸುವವರು ಇಡಿಯ ಸಮಾಸವನ್ನು ಕೊಡದೆ, ಅದನ್ನು ತಾವೇ ಎರಡಾಗಿ ಕತ್ತರಿಸಿ ಉತ್ತರಪದವನ್ನು ಮಾತ್ರ ಕೊಟ್ಟುನೋಡಲಿ. ಗ್ರೀಕ್ ಮೂಲದ ಕೊನೆ ಕಂಡರೆ ಅದೂ ಬೇಡ, ನಿಘಂಟನ್ನೇ ತೆರೆಯಲಿ. ಹಣ ಕೊಟ್ಟು ಪಡೆಯುವ ಕಿರು ಒತ್ತಿನ ಸೌಲಭ್ಯವನ್ನು ನಾನು ಯಾರಿಗೂ ಹೇಳಲಾರೆ.

ಮೂರು ತಿಂಗಳ ಹಿಂದೆ ಮಚಿನಕಫ್ಫೆಯ ತಪ್ಪನ್ನು ಆ್ಯಪಿನವರಿಗೆ ಬರೆದು ತಿಳಿಸಿದೆ. ಎರಡು ದಿನದಲ್ಲಿ ಸೌಜನ್ಯದ ಉತ್ತರ ಬಂತು, ಮುಂದಿನ ಆವೃತ್ತಿಯಲ್ಲಿ ಕಿರು ಒತ್ತು ಮೊದಲ ಅಕ್ಷರಕ್ಕೆ ಸರಿಯಾಗಿ ಹೋಗಿತ್ತು. ಖುಷಿಯಿಂದ ಅದರ ಒಡಹುಟ್ಟಾದ ಮಚಿನಪೇಪೆ, ಎಂದರೆ ಮೆಣಸು ಪುಡಿಮಾಡುವ ಸಾಧನದ ಹೆಸರನ್ನು ಕೊಟ್ಟೆ. ಅಲ್ಲಿ ಕಿರು ಒತ್ತು ಇನ್ನೂ ಚಿಕಾರದ ಮೇಲೆಯೇ ಕುಳಿತಿತ್ತು. ಅದನ್ನೂ ಬರೆದು ಕಳಿಸಿದ್ದೇನೆ. ನನ್ನ ಚಂದಾ ಮುಗಿಯಲು ಇನ್ನು ನಾಲ್ಕು ತಿಂಗಳಿವೆ. ಅಷ್ಟರೊಳಗೆ, ನಾನು ಬರೆದು ತಿಳಿಸದ ಇನ್ನೊಂದು ಮಾಚಿನ ಸಮಾಸದಲ್ಲಿ ಒತ್ತು ತಾನಾಗಿ ಮೊದಲ ಅಕ್ಷರಕ್ಕೆ ಬಂದರೆ ಚಂದಾ ನವೀಕರಿಸುತ್ತೇನೆ.